ಬೀದಿಗೊಂದೇ ಸ್ವೆಟರು

ನಂಜನಗೂಡಿನ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಇದ್ದದ್ದು ಒಂದೇ ಒಂದು ಸ್ವೆಟರು. ಹೀಗೆಂದ ಮಾತ್ರಕ್ಕೆ ನಮ್ಮ ಬೀದಿಯವರು ಗತಿಯಿಲ್ಲದವರೆಂದು ತಿಳಿದೀರಿ, ಹಾಗೇನಿಲ್ಲ. ಬೇಸಿಗೆಯಲ್ಲಿ ಕಪಿಲೆಯ ಸ್ನಾನಘಟ್ಟದ ಮೆಟ್ಟಿಲುಗಳು ದೋಸೆ ಹುಯ್ಯುವಷ್ಟು ಕಾಯುವ, ಮಾಗಿಯ ಬೆಳಗಿನಲ್ಲೂ ತಲೆಗೊಂದು ಟವಲು ಸುತ್ತಿಕೊಂಡರೆ ಚಳಿಯ ವ್ಯವಹಾರವೆಲ್ಲ ಮುಗಿದುಹೋಗುವ ಊರಿನಲ್ಲಿ ಉಣ್ಣೆಯ ಅಂಗಿಯನ್ನು ಇಟ್ಟುಕೊಂಡು ಮಾಡುವುದೇನು? ಅದು ಬೇಕಾಗುತ್ತಿದ್ದದ್ದು ಜನ್ಮಕ್ಕೊಂದು ಸಲ, ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಊಟಿಗೆ ಹೋಗುವಾಗ. ಒಂದೇ ವಾರದಲ್ಲಿ ಎರಡು ಮನೆಯ ಜೋಡಿಗಳು ಊಟಿಗೆ ಹೊರಟದ್ದು ನಮ್ಮ ಬೀದಿಯ ಇತಿಹಾಸದಲ್ಲೇ ಇರಲಿಲ್ಲವಾದ್ದರಿಂದ, ಇಡೀ ಬೀದಿಗೆ ಒಂದು ಸ್ವೆಟರು ಧಾರಾಳವಾಗಿ ಸಾಕಾಗಿತ್ತು.

ಅದರ ಒಡತಿ ಎದುರುಸಾಲಿನ ಕೊನೆಯ ಮನೆಯ ಗೌರಮ್ಮನವರು. ಬೆಲ್ಲದ ಮಂಡಿ ಇಟ್ಟಿದ್ದ ಅವರ ಯಜಮಾನರು ಒಳ್ಳೆಯ ದಷ್ಟಪುಷ್ಟ ಆಳು. ಹೆಂಡತಿಗೆ ಊಟಿ ತೋರಿಸಬೇಕೆಂದು ಒಮ್ಮೆ ಮನಸ್ಸು ಮಾಡಿ, ಮೈಸೂರಿನಿಂದ ತಮ್ಮ ಅಳತೆಗೆ ಕುಂಕುಮದ ಬಣ್ಣದ, ಎದೆಯ ಮೇಲೆ ಅಡ್ಡಕ್ಕೊಂದು ಬಿಳಿ ಪಟ್ಟೆಯಿದ್ದ, ಎರಡು ದೊಡ್ಡ ಜೇಬುಗಳ ಈ ಸ್ವೆಟರನ್ನು ತಂದಿದ್ದರು. ಆದರೆ ಬಸ್ಸು ಗುಂಡ್ಲುಪೇಟೆ ದಾಟುವಷ್ಟರಲ್ಲೇ ಗೌರಮ್ಮನವರಿಗೆ ಹೊಟ್ಟೆ ತೊಳಸತೊಡಗಿತು. “ಬೆಟ್ಟ ಇನ್ನೂ ಸುರುವೇ ಆಗಿರ್ನಿಲ್ಲ ಕಣವ್ವ, ನಾನಾಗ್ಲೇ ಇಳ್ಸಿ ಇಳ್ಸಿ ಅಂತ ಬಾಯ್ ಬಡ್ಕೊಂಡೆ. ಪಾಪ, ಅವ್ರೂ ಇಳಿದ್ರು. ನೆಲ ಸಿಕ್ಕಿದ್ದೇ ತಡ ಒಟ್ಟೆ ಸರಿಯೋಯ್ತು. ಮರದಡಿ ಕುಂತು ಇಬ್ರೂ ಬುತ್ತಿ ಉಂಡು ಎದುರ್ಗಡೆ ಬಸ್ಸಲ್ಲಿ ವಾಪಸ್ ಬಂದ್ಬುಟ್ಟೋ,” ಎಂದು ಅವರೇ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಹೀಗೆ ಬೆಟ್ಟ ಹತ್ತದೆ ಮರಳಿದ ಆ ಸ್ವೆಟರನ್ನು ಬೀದಿಯ ಹೊಸ ಜೋಡಿಗಳು ಒಬ್ಬರಾದ ಮೇಲೊಬ್ಬರು ಬೆಟ್ಟ ಹತ್ತಿಸಿಕೊಂಡು ಬಂದರು.

ಅದಕ್ಕೆ ಬಾಡಿಗೆ ಇರಲಿಲ್ಲ, ಕಟ್ಟಳೆ ಇತ್ತು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಮ್ಮ ಹೆಂಗಸರ ಪದ್ಧತಿ ಅದು ಹೇಗೋ ಸ್ವೆಟರಿಗೂ ಅಂಟಿಕೊಂಡು, ಒಂದು ಜೇಬಿನಲ್ಲಿ ನೀಲಗಿರಿ ಎಣ್ಣೆಯ ಸೀಸೆ, ಇನ್ನೊಂದರಲ್ಲಿ ವರ್ಕಿ ಎಂಬ ಊಟಿಯ ಗರಿಗರಿ ಬಿಸ್ಕತ್ತಿನ ಪೊಟ್ಟಣ ಇಟ್ಟೇ ವಾಪಸು ಕೊಡಬೇಕಿತ್ತು. ಆಮೇಲೆ ಗೌರಮ್ಮನವರ ಜಗಲಿಯ ಮೇಲೆ ಕುಳಿತು, ಹೊರಟ ಗಳಿಗೆಯಿಂದ ಮರಳಿದ ಗಳಿಗೆಯವರೆಗೆ ಏನೊಂದನ್ನೂ ಬಿಡದೆ ಹೇಳಬೇಕಿತ್ತು. “ನಾನು ಓಗ್ದಿದ್ರೇನು, ನನ್ ಸ್ವೆಟರ್ ಓಗಿ ಬತ್ತದಲ್ಲ,” ಎನ್ನುವುದು ಅವರ ಸಮಾಧಾನ. ಹತ್ತಾರು ಜೋಡಿಗಳ ಬಾಯಿಂದ ಕೇಳಿ ಕೇಳಿ, ಯಾವ ತಿರುವಿನಲ್ಲಿ ಬಸ್ಸು ನಿಲ್ಲಿಸುತ್ತಾರೆ, ಯಾವ ಅಂಗಡಿಯ ಟೀ ಚೆನ್ನಾಗಿರುತ್ತದೆ ಎಂಬುದೆಲ್ಲ ಕಂಠಪಾಠವಾಗಿ, ಊಟಿಗೆ ಹೊರಟವರು ಮೊದಲು ಅವರನ್ನೇ ವಿಚಾರಿಸಿಕೊಂಡು ಹೋಗುವಂತಾಗಿತ್ತು.

ಇನ್ನು ನನ್ನ ವಿಚಾರ. ನಾನು ನರಸೀಪುರದ ಹುಡುಗಿ. ನಂಜನಗೂಡಿನ ಕಪಿಲೆ ಇಲ್ಲಿಂದ ಹೊರಟು ನನ್ನ ತವರಿಗೆ ಹೋಗಿ ಕಾವೇರಿಯನ್ನು ಸೇರಿದರೆ, ನಾನು ಅಲ್ಲಿಂದ ಹೊರಟು, ತೊಂಬತ್ತರ ದಶಕ ಆಗಷ್ಟೇ ಶುರುವಾದಾಗ, ಹರಿವಿಗೆ ಎದುರಾಗಿ ಇಲ್ಲಿಗೆ ಮದುವೆಯಾಗಿ ಬಂದೆ. ನಿನ್ನ ಜಾಯಮಾನವೇ ಎದುರು ಈಜುವುದು ಎಂದು ನಮ್ಮವರು ಇವತ್ತಿಗೂ ಛೇಡಿಸುತ್ತಾರೆ. ‘ನಮ್ಮವರು’ ಎಂದರೆ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ. ಹೆಸರು ಹೇಳುವ ರೂಢಿ ನನಗಿಲ್ಲ, ನಿಮಗೆ ಅದರ ಅಗತ್ಯವೂ ಇಲ್ಲ. ನಾನು ತಾಂಡವಪುರದ ಕಡೆ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು.

ಮದುವೆಯಾದ ವರ್ಷವೇ ನಾವೂ ಊಟಿಗೆ ಹೋದೆವು. ಮೂರು ದಿನದ ಚಳಿಗೆ ಯಾರಾದರೂ ಸ್ವೆಟರು ಕೊಳ್ಳುತ್ತಾರೆಯೇ ಎಂದು ಅತ್ತೆಯವರು ಎದುರುಸಾಲಿಗೆ ಹೋಗಿ ಸ್ವೆಟರನ್ನು ಕೇಳಿ ತಂದರು. ಒಡೆಯ ದಷ್ಟಪುಷ್ಟನಲ್ಲವೇ, ಅದರೊಳಗೆ ನಾನೂ ನಮ್ಮವರೂ ಒಟ್ಟಿಗೆ ಹಿಡಿಸುವಷ್ಟು ಜಾಗವಿತ್ತು. ಆದರೆ ತೋಳುಗಳು ಎರಡೇ ಇದ್ದವಲ್ಲ! ಆದ್ದರಿಂದ ಒಬ್ಬರು ಸ್ವೆಟರು ತೊಟ್ಟಾಗ ಇನ್ನೊಬ್ಬರು ಶಾಲು ಹೊದೆಯುವುದೆಂದು ಒಪ್ಪಂದವಾಯಿತು. ಕ್ಯಾಮೆರಾವೂ ಎರವಲೇ, ನಾದಿನಿಯ ಗಂಡನದು. ಪರರ ಕೈಗೆ ಕೊಡಕೂಡದೆಂಬ ಕಟ್ಟಪ್ಪಣೆಯೊಂದಿಗೆ ಅದು ನಮ್ಮ ಕೈಸೇರಿತ್ತು. ಹಾಗಾಗಿ ನಾನು ನಿಂತಾಗ ಅವರು ತೆಗೆದರು, ಅವರು ನಿಂತಾಗ ನಾನು ತೆಗೆದೆ. ಶಾಲು ಹೊದ್ದು ನಿಂತರೆ ಜ್ವರ ಬಂದವರ ಹಾಗೆ ಕಾಣುತ್ತೇವೆಂದು, ಯಾರು ಕ್ಯಾಮೆರಾದ ಎದುರು ನಿಂತರೋ ಅವರ ಮೈಗೆ ಸ್ವೆಟರು. ಆಲ್ಬಮ್ಮಿನಲ್ಲಿ ಒಂದಾದ ಮೇಲೊಂದರಂತೆ ಸ್ವೆಟರು ತೊಟ್ಟ ನಾನು, ಸ್ವೆಟರು ತೊಟ್ಟ ಅವರು, ಮತ್ತೆ ನಾನು, ಮತ್ತೆ ಅವರು. ನಿಜವಾಗಿ ಊಟಿಗೆ ಹೋದದ್ದು ಸ್ವೆಟರು, ಅದನ್ನು ನಿಲ್ಲಿಸಿ ಫೋಟೊ ತೆಗೆಸಲಿಕ್ಕೆ ನಾವಿಬ್ಬರು ಸರದಿಯಲ್ಲಿ ಮೈ ಕೊಟ್ಟೆವು ಎಂದರೆ ಒಪ್ಪುತ್ತದೆ.

ವರ್ಷಗಟ್ಟಲೆ ಈ ಆಲ್ಬಮ್ಮು ನನಗೆ ಏನೂ ಅನ್ನಿಸಿರಲಿಲ್ಲ. ಹೊಸ ಶತಮಾನ ಬಂದು ನಾಲ್ಕಾರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ರಜೆಯಲ್ಲಿ ಬೇಸರ ಹಿಡಿದು ಬೀರುವೆಲ್ಲ ಕೆದಕುತ್ತಿದ್ದ ಮಗಳು ಅದನ್ನು ತೆಗೆದು ನೋಡಿ, “ಅಮ್ಮ, ನೀನೂ ಅಪ್ಪಾನೂ ಬೇರೆ ಬೇರೆ ದಿನ ಊಟಿಗೆ ಹೋಗಿದ್ರಾ?” ಎಂದು ಕೇಳಿದಳು. ನಾನು ನಕ್ಕೆ. ನಕ್ಕು ಅಡುಗೆಮನೆಗೆ ಹೋದವಳು ಒಲೆ ಹಚ್ಚದೆ ವಾಪಸು ಬಂದು, ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿದೆ. ಮದುವೆಯ ಫೋಟೊಗಳಿವೆಯಲ್ಲ ಎಂದೀರಿ. ಅವು ಬಾಸಿಂಗದ, ಬಂಧುಬಳಗದ ಫೋಟೊಗಳು, ಫೋಟೊದವನು ನಿಲ್ಲಿಸಿದಂತೆ ನಿಂತ ಫೋಟೊಗಳು. ನಾವಿಬ್ಬರೇ, ನಮ್ಮಷ್ಟಕ್ಕೆ, ಒಬ್ಬರ ಪಕ್ಕ ಒಬ್ಬರು ನಿಂತ ಒಂದೇ ಒಂದು ಚಿತ್ರ ಈ ಮನೆಯಲ್ಲಿ ಇಲ್ಲ. ನನಗೆ ಅದು ಬೇಕೆನ್ನಿಸಿತು. ಬೇಕು ಎಂದರೆ ಬೇಕೇ ಬೇಕು, ಹಬ್ಬಕ್ಕೆ ಸೀರೆ ಬೇಕೆನ್ನುವಷ್ಟು ಅಲ್ಲ, ಹಸಿದಾಗ ಅನ್ನ ಬೇಕೆನ್ನುವಷ್ಟು ಬೇಕೆನ್ನಿಸಿತು.

ಶನಿವಾರ ಭಾನುವಾರಗಳ ಬಾಲಕ್ಕೆ ಸೋಮವಾರದ ರಜೆಯೊಂದು ಅಂಟಿಕೊಂಡು ಬಂದದ್ದನ್ನು ಹಿಡಿದು, ಮಗಳನ್ನು ನರಸೀಪುರದಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ಹೊರಟೇಬಿಟ್ಟೆವು. ಆ ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜರ್ಕಿನ್ನು ಬಂದಿತ್ತು, ಪುಟ್ಟ ಡಿಜಿಟಲ್ ಕ್ಯಾಮೆರಾವೂ ಬಂದಿತ್ತು. ಆದರೂ ನಾನು ಗೌರಮ್ಮನವರ ಜಗಲಿ ಹತ್ತಿದೆ. ಯಜಮಾನರು ತೀರಿಕೊಂಡು, ತಾವೂ ಹಣ್ಣಾಗಿ, ಸ್ವೆಟರು ಕೇಳುವವರು ಯಾರೂ ಇಲ್ಲದೆ ಹೋಗಿ, ಅವರು ಅದನ್ನು ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದರು. ಹೊರತೆಗೆದು ಕೊಡವಿದಾಗ ನೀಲಗಿರಿ ಎಣ್ಣೆಯ ವಾಸನೆ ನಡುಮನೆಯನ್ನೆಲ್ಲ ತುಂಬಿತು. ಗುಂಡಿಗಳು ಒಂದೊಂದೂ ಒಂದೊಂದು ಬಗೆ. ಬಿದ್ದುಹೋದಲ್ಲಿ ಒಬ್ಬಳು ಷರಟಿನ ಗುಂಡಿ ಹಾಕಿದ್ದಳು, ಇನ್ನೊಬ್ಬಳು ರವಿಕೆಯದ್ದು. “ಇನ್ನೊಂದ್ ಕಿತಾನೂ ಇದ್ಯಾಕವ್ವ ನಿಂಗೆ, ಮೊದ್ಲ್ ಸಲ ನೋಡಿದ್ದು ಸಾಲ್ದಾ?” ಎಂದು ಅವರು ಕೇಳಿದಾಗ ಕಾರಣ ಹೇಳಿದೆ. ಅವರು ನಗಲಿಲ್ಲ. “ತಗ್ಸ್ಕೊಂಡು ಬಾ. ನಂದೂ ನಮ್ಮೋರ್ದೂ ಒಂದೂ ಇಲ್ಲ ಕಣವ್ವ,” ಎಂದು ಸ್ವೆಟರನ್ನು ಮಡಿಸಿ ನನ್ನ ಮಡಿಲಿಗಿಟ್ಟರು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗಲೇ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು, ಹೊಸದಾಗಿ ಬಿತ್ತು ಎನ್ನಬೇಕು, ಏಕೆಂದರೆ ಅದು ಅಷ್ಟು ವರ್ಷವೂ ಕಣ್ಣ ಮುಂದೆಯೇ ಇತ್ತು: ನಮ್ಮವರ ಬೆನ್ನು. ನಮ್ಮ ಕಡೆ ಗಂಡಸರು ಹೆಂಡತಿಯ ಜೊತೆ ಹೊರಟರೆ ಒಂದೆರಡು ಮಾರು ಮುಂದೆ ನಡೆಯುತ್ತಾರೆ. ನಮ್ಮವರ ಅಪ್ಪ ಹಾಗೆ ನಡೆದರು, ನನ್ನ ಅಪ್ಪನೂ ಹಾಗೇ. ಇದರಲ್ಲಿ ಸಿಟ್ಟಿಲ್ಲ, ಸೆಡವಿಲ್ಲ; ಕೈಯಲ್ಲಿ ಚೀಲ ಅವರದೇ, ಛತ್ರಿ ಅವರದೇ, ರಸ್ತೆ ದಾಟುವಾಗ ನಿಂತು ಹಿಂದಿರುಗಿ ನೋಡುವುದೂ ಉಂಟು. ಆದರೆ ಜೊತೆ ಎಂಬುದು ಇಲ್ಲ. ಯೋಚಿಸಿ ನೋಡಿ, ನಮ್ಮ ಎಷ್ಟು ಮಂದಿ ಹೆಂಗಸರು ತಂತಮ್ಮ ಗಂಡಂದಿರ ಮುಖಕ್ಕಿಂತ ಹೆಚ್ಚಾಗಿ ಅವರ ಷರಟಿನ ಬೆನ್ನಿನ ಹೊಲಿಗೆಯನ್ನು ಬಲ್ಲವರು! ನನಗಂತೂ ನಮ್ಮವರ ಕತ್ತಿನ ಹಿಂದಿನ ಮಚ್ಚೆ ನನ್ನ ಅಂಗೈಗಿಂತ ಚೆನ್ನಾಗಿ ಪರಿಚಯ.

ಬೇಗೂರು ದಾಟಿ, ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು, ಕಾಡು ಕಳೆದು, ಬಸ್ಸು ಏದುಸಿರು ಬಿಡುತ್ತ ಘಾಟಿ ಹತ್ತತೊಡಗಿದಾಗ ಕಿಟಕಿಯಿಂದ ಬಂದ ಮೊದಲ ತಣ್ಣನೆಯ ಗಾಳಿಗೆ ನನಗೆ ಹುಡುಗಿಯಂತೆ ಕೂಗಿಬಿಡೋಣ ಎನ್ನಿಸಿತು. ಬಯಲುನಾಡಿನ ನಮಗೆ ಚಳಿಯೆಂದರೆ ಒಂದು ತಿಂಡಿ ಇದ್ದಂತೆ; ಅಪರೂಪಕ್ಕೆ ಸಿಕ್ಕರೆ ಬಾಯಿ ತುಂಬ ತಿನ್ನುತ್ತೇವೆ. ಆದರೆ ಊಟಿ ನಾವು ಬಿಟ್ಟುಬಂದ ಹಾಗಿರಲಿಲ್ಲ. ಮೊದಲು ಉಳಿದಿದ್ದ ಲಾಡ್ಜು ಇದ್ದ ಕಡೆ ಬಟ್ಟೆಯಂಗಡಿ ಎದ್ದಿತ್ತು, ಕೆರೆಯ ಬಳಿ ದೋಣಿಗಿಂತ ಜನವೇ ಹೆಚ್ಚು ತೇಲುವಂತೆ ಕಾಣುತ್ತಿತ್ತು. ಹಳೆಯ ಊರನ್ನು ಮತ್ತೆ ನೋಡಲು ಹೋಗುವವರು ನಿಜಕ್ಕೂ ನೋಡಬಯಸುವುದು ಊರನ್ನಲ್ಲ, ಅಲ್ಲಿ ಓಡಾಡಿದ್ದ ತಮ್ಮನ್ನು. ಊರು ಬದಲಾದಾಗ ನಮ್ಮನ್ನು ಯಾರೋ ಹೇಳದೆ ಕೇಳದೆ ಮನೆ ಖಾಲಿ ಮಾಡಿಸಿದಂತೆ ಅನ್ನಿಸುತ್ತದೆ. ಹೋಗಲಿ ಬಿಡಿ, ನನಗೆ ಬೇಕಿದ್ದದ್ದು ಊರಲ್ಲ, ಫೋಟೊ.

ಅಲ್ಲಿನ ಸಸ್ಯೋದ್ಯಾನದ ಹುಲ್ಲಿನ ಇಳಿಜಾರಿನಲ್ಲಿ ಒಬ್ಬ ಕಾಲೇಜು ಹುಡುಗಿಯ ಕೈಗೆ ಕ್ಯಾಮೆರಾ ಕೊಟ್ಟೆವು. ನಾನು ಸ್ವೆಟರು ತೊಟ್ಟಿದ್ದೆ, ಅವರು ಜರ್ಕಿನ್ನು. ಇಬ್ಬರೂ ನಿಂತೆವು, ಅವಳು ಒತ್ತಿದಳು, ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದರೆ ಅಗಲವಾಗಿ ನಮ್ಮವರು, ಅವರ ಭುಜದ ಹಿಂದೆ ನನ್ನ ಒಂದು ಕಿವಿ ಮತ್ತು ತುರುಬು. ಇನ್ನೊಂದು ತೆಗೆಸಿದೆವು. ಕಿವಿಯ ಜೊತೆಗೆ ಈ ಸಲ ಒಂದು ಕಣ್ಣೂ ಬಂತು.

“ನೀನ್ಯಾಕೆ ಹಿಂದೆ ನಿಂತ್ಕೋತೀಯೇ?” ಎಂದರು.

“ನಾನೆಲ್ಲಿ ಹಿಂದೆ ನಿಂತೆ? ನೀವು ಮುಂದೆ ಹೋದ್ರಿ,” ಎಂದೆ.

ಮರುದಿನ ಪುಟಾಣಿ ರೈಲಿನಲ್ಲಿ ಕೂನೂರಿಗೆ ಇಳಿದೆವು. ಬೋಗಿ ನಿಲ್ಲುವ ಮೊದಲೇ ಓಡಿಹೋಗಿ ಕಿಟಕಿಯೊಳಗೆ ಟವಲು ಹಾಕಿ ಜಾಗ ಹಿಡಿದರು ನಮ್ಮವರು. ನಾನು ಹಿಂದಿನಿಂದ ಹೋಗಿ ರಾಣಿಯಂತೆ ಕುಳಿತೆ. ಕಣಿವೆಯ ತುಂಬ ಬಿಸಿಲು, ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ಟಿನ ಪಾತಿಗಳು, ಹಂಚಿನ ಪುಟ್ಟ ಸ್ಟೇಷನ್ನುಗಳು. ಚಪಾತಿ, ಈರುಳ್ಳಿ ಚಟ್ನಿಯ ಪೊಟ್ಟಣ ಬಿಚ್ಚಿ, ಊರಿಂದ ತಂದ ರಸಬಾಳೆಯನ್ನು ಎದುರಿನ ಮಕ್ಕಳಿಗೂ ಕೊಟ್ಟು ತಿಂದೆವು. ಇಂಥ ಸುಖಕ್ಕೆ ಬೇರೆ ಹೆಸರಿಲ್ಲ. ಆದರೆ ರೈಲು ನಿಂತ ಕಡೆ ಒಂದು, ಕೂನೂರಿನಲ್ಲಿ ಒಂದು ಎಂದು ತೆಗೆಸಿದ ಫೋಟೊಗಳಲ್ಲೆಲ್ಲ ಅದೇ ಕಥೆ. ಬಂಡೆಯ ಮೇಲೆ ಕ್ಯಾಮೆರಾ ಇಟ್ಟು, ತಾನಾಗಿ ತೆಗೆದುಕೊಳ್ಳುವಂತೆ ಮಾಡಿಯೂ ನೋಡಿದೆವು; ಅವರು ಓಡಿಬಂದು ನಿಂತದ್ದು ಸರಿಯಾಗಿ ನನ್ನ ಮುಂದೆಯೇ. ನಾನು ಪರದೆಯನ್ನು ದಿಟ್ಟಿಸಿ ನೋಡಿದಾಗ ಮಾತ್ರ ಇನ್ನೊಂದು ಗುಟ್ಟು ಬಯಲಾಯಿತು. ಅವರು ಒಂದಡಿ ಮುಂದಕ್ಕೆ ಸರಿಯುವುದೇನೋ ನಿಜ, ಯಾರಾದರೂ ಕ್ಯಾಮೆರಾ ಎತ್ತಿದ ಕೂಡಲೇ ನಾನೂ ಸೆರಗು ಸರಿಮಾಡಿಕೊಳ್ಳುತ್ತ ಒಂದಡಿ ಹಿಂದಕ್ಕೆ ಸರಿಯುತ್ತಿದ್ದೆ. ಕಾಲುಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವು ತಾವೇ ಕಲಿತಿದ್ದವು.

ಕೂನೂರಿನಿಂದ ಸಣ್ಣ ಬಸ್ಸು ಹಿಡಿದು ಕೋತಗಿರಿಗೆ ಹೋದೆವು. ಮದುವೆಯ ಹೊಸತರಲ್ಲಿ ಬಂದಾಗ ನಾವು ಅಲ್ಲಿಗೆ ಹೋಗಿರಲಿಲ್ಲ. ಆದರೂ ನಮ್ಮ ನೆನಪಿನ ಊಟಿ ಇಲ್ಲಿಗೆ ವರ್ಗವಾಗಿ ಬಂದಿದೆಯೇನೋ ಎನ್ನುವಂತೆ ಆ ಪುಟ್ಟ ಊರು ಸದ್ದಿಲ್ಲದೆ, ಮಂಜಿನಲ್ಲಿ ಮುಖ ತೊಳೆದುಕೊಂಡು ಕುಳಿತಿತ್ತು. ಸೋಮವಾರ ಬೆಳಿಗ್ಗೆ ಊರಾಚೆಯ ಟೀ ತೋಟಗಳ ನಡುವಿನ ರಸ್ತೆಗೆ ಹೊರಟೆವು. ಎರಡೂ ಬದಿ ಹಸಿರು, ದೂರದಲ್ಲಿ ನೀಲಿ ಬೆಟ್ಟಗಳ ಸಾಲು, ನರಪಿಳ್ಳೆಯಿಲ್ಲದ ನುಣುಪಾದ ರಸ್ತೆ. ಮತ್ತು ಆ ರಸ್ತೆಯಲ್ಲಿ ನನ್ನ ಮುಂದೆ, ಛತ್ರಿ ಹಿಡಿದು, ಬಿರಬಿರನೆ ಸಾಗುತ್ತಿದ್ದ ಬೆನ್ನು. ನನಗೆ ತಡೆಯಲಾಗಲಿಲ್ಲ.

“ರೀ! ನಿಂತ್ಕೊಳ್ಳಿ ಸ್ವಲ್ಪ,” ಎಂದು ಕೂಗಿದೆ. ದನಿ ಬೆಟ್ಟಕ್ಕೆ ಬಡಿದು ವಾಪಸು ಬಂತು. “ನಮ್ಮ ನರಸೀಪುರದಲ್ಲಿ ಕಪಿಲೆ ಕಾವೇರಿ ಎರಡೂ ಸೇರೋ ಕಡೆ ನೋಡಿದೀರಲ್ಲ? ಅಕ್ಕಪಕ್ಕದಲ್ಲಿ ಹೋಗ್ತವೆ ಕಣ್ರೀ. ಒಂದರ ಹಿಂದೆ ಒಂದು ಹೋಗಲ್ಲ!”

ಅವರು ನಿಂತರು. ಛತ್ರಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ತಪ್ಪು ಸಿಕ್ಕಿಬಿದ್ದ ನನ್ನ ಶಾಲೆಯ ಮಕ್ಕಳು ಹೀಗೇ ಮಾಡುತ್ತಾರೆ.

“ಸೀಟು ಹಿಡಿಯೋಕೆ ಕಣೇ,” ಎಂದರು ಕೊನೆಗೆ.

“ಏನು?”

“ಮುಂದೆ ಹೋಗೋದು. ಬಸ್ಸಲ್ಲಿ ನಿಂಗೆ ಸೀಟು ಹಿಡಿಯೋಕೆ. ನಿಂತು ಪ್ರಯಾಣ ಮಾಡಿದ್ರೆ ನಿಂಗೆ ಕಾಲು ಊದ್ಕೊಳುತ್ತಲ್ಲ, ಮೊದಲಿಂದ್ಲೂ. ನಮ್ಮಪ್ಪಾನೂ ಅಮ್ಮಂಗೆ ಹಂಗೇ ಹಿಡೀತಿದ್ದ. ಅದೇ ಅಭ್ಯಾಸ ಆಗೋಯ್ತು.”

ನಾನು ಆಕಾಶ ನೋಡಿದೆ, ಟೀ ತೋಟ ನೋಡಿದೆ, ಆಮೇಲೆ ಅವರನ್ನು ನೋಡಿದೆ. ಅಷ್ಟು ವರ್ಷದ ಬಸ್ಸುಗಳೆಲ್ಲ ನೆನಪಾದವು. ನಿಜವೇ, ಜಾತ್ರೆಯಷ್ಟು ಜನವಿದ್ದ ಬಸ್ಸಿನಲ್ಲೂ ಕಿಟಕಿಯ ಪಕ್ಕದ ಒಂದು ಸೀಟಿನ ಮೇಲೆ ನನಗಾಗಿ ಟವಲೊಂದು ಬಿದ್ದಿರುತ್ತಿತ್ತು. ನಾನು ಅದನ್ನು ಬಸ್ಸಿನೊಂದಿಗೇ ಬಂದ ಸೌಕರ್ಯವೆಂಬಂತೆ ಎತ್ತಿಟ್ಟು ಕುಳಿತಿದ್ದೆ. ಅಳು ಬರುವುದರಲ್ಲಿತ್ತು, ಅಷ್ಟರಲ್ಲಿ ನಗು ಬಂದುಬಿಟ್ಟಿತು.

“ಈ ರಸ್ತೇಲಿ ಯಾವ ಸೀಟು ಹಿಡೀಬೇಕೂಂತ ಓಡ್ತಿದೀರಿ ಮಹಾರಾಯರೇ?” ಎಂದೆ. ಅವರೂ ನಕ್ಕರು, ಮುಖವೆಲ್ಲ ಕೆಂಪಗೆ ಮಾಡಿಕೊಂಡು ನಕ್ಕರು, ಬಂದು ನನ್ನ ಪಕ್ಕ ನಿಂತರು.

ಪಕ್ಕದಲ್ಲಿ ನಡೆಯುವುದು ಅಂದುಕೊಂಡಷ್ಟು ಸುಲಭವಲ್ಲ, ಬೇಕಿದ್ದರೆ ಪ್ರಯತ್ನಿಸಿ ನೋಡಿ. ಹೊಸದಾಗಿ ನೊಗಕ್ಕೆ ಹೂಡಿದ ಎತ್ತುಗಳ ಹಾಗೆ ಅವರು ಎಳೆದರೆ ನಾನು ಹಿಂದೆ, ನಾನು ಓಡಿದರೆ ಅವರು ನಿಂತಿರುತ್ತಿದ್ದರು. ಭುಜಕ್ಕೆ ಭುಜ ತಗುಲಿದಾಗಲೆಲ್ಲ ಅವರು “ಸಾರಿ” ಎನ್ನುತ್ತಿದ್ದರು, ಕಟ್ಟಿಕೊಂಡ ಹೆಂಡತಿಗೆ! ಮೈಲಿ ದೂರ ಹೀಗೆ ಜಗಳವಾಡುತ್ತ ನಡೆದ ಮೇಲೆ ಯಾವಾಗಲೋ ಹೆಜ್ಜೆಗಳು ಒಂದಕ್ಕೊಂದು ಹೊಂದಿಕೊಂಡವು. ಆಗ ಅವರ ಮುಖದ ಒಂದು ಪಕ್ಕ ನನಗೆ ಕಾಣಿಸಿತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ನಡೆಯುವಾಗ ಅವರು ತುಟಿಯಲ್ಲೇ ಏನೋ ಗುನುಗಿಕೊಳ್ಳುತ್ತಾರೆಂಬುದು ತಿಳಿಯಿತು. ನಾನು ಇಂಥ ಖುಷಿಯಲ್ಲಿ ಬಹಳ ವರ್ಷ ನಡೆದಿರಲಿಲ್ಲ. ಫೋಟೊ? ಆ ರಸ್ತೆಯಲ್ಲಿ ತೆಗೆಯಲು ಯಾರೂ ಇರಲಿಲ್ಲ, ನಮಗೆ ಕ್ಯಾಮೆರಾದ ನೆನಪೂ ಬರಲಿಲ್ಲ. ನೆನಪಾದದ್ದು ಊರಿಗೆ ಮರಳುವ ಬಸ್ಸಿನಲ್ಲಿ, ಘಾಟಿಯೆಲ್ಲ ಇಳಿದ ಮೇಲೆ. ಅಯ್ಯೋ, ಹೋದ ಕೆಲಸವೇ ಆಗಲಿಲ್ಲವಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

ಮರುದಿನ ಸಂಜೆ ಶಾಲೆಯಿಂದ ಬಂದವಳು ಸ್ವೆಟರಿನ ಒಂದು ಜೇಬಿಗೆ ನೀಲಗಿರಿ ಎಣ್ಣೆ, ಇನ್ನೊಂದಕ್ಕೆ ವರ್ಕಿ ಇಟ್ಟು, ಮಡಿಸಿ, ಗೌರಮ್ಮನವರ ಮನೆಗೆ ಹೊರಟೆ. ನಮ್ಮವರು ಚಪ್ಪಲಿ ಮೆಟ್ಟಿಕೊಂಡು, “ತಾಳು, ನಾನೂ ಬತ್ತೀನಿ,” ಎಂದರು. ಬೆಟ್ಟದ ಮೇಲೆ, ಯಾರೂ ಗುರುತಿಲ್ಲದ ಕಡೆ ಪಕ್ಕದಲ್ಲಿ ನಡೆಯುವುದು ಒಂದು. ತರಕಾರಿಯವಳಿಂದ ಹಿಡಿದು ಎಲ್ಲರೂ ನೋಡುತ್ತ ನಿಂತಿರುವ ಸ್ವಂತ ಬೀದಿಯಲ್ಲಿ ನಡೆಯುವುದು ಇನ್ನೊಂದು. ಅವರು ಮುಂದೆ ಹೋಗುತ್ತಾರೆಂದೇ ನಾನು ಹೊಸಲಿನಲ್ಲಿ ಒಂದು ಗಳಿಗೆ ನಿಂತೆ. ಅವರು ಹೋಗಲಿಲ್ಲ. ಅಂಗಳದಲ್ಲಿ ಸುಮ್ಮನೆ ಕಾಯುತ್ತಿದ್ದರು. ಸ್ವೆಟರಿನ ಒಂದು ತುದಿಯನ್ನು ತಮ್ಮ ಕೈಮೇಲೆ ಹಾಕಿಕೊಂಡರು, ಅದೇನೋ ಬಲು ಭಾರವಿರುವ ಹಾಗೆ.

ಜಗಲಿಯ ಮೇಲೆ ಕುಳಿತಿದ್ದ ಗೌರಮ್ಮನವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಅಯ್ ಶಿವನೇ, ಇದೇನವ್ವ ಇಬ್ರೂ ಒಟ್ಗೇ ಬತ್ತಾವ್ರೆ!” ಎಂದು ಬೀದಿಗೆಲ್ಲ ಕೇಳುವಂತೆ ಉದ್ಗರಿಸಿದರು. “ಎಲ್ಲಿ, ಪೋಟ ತಗ್ಸುದ್ರಾ?”

“ಆಗ್ಲಿಲ್ಲ ಗೌರಮ್ಮೋರೆ,” ಎಂದೆ.

“ಆಗ್ದೆ ಏನು? ಅಲ್ಲೇ ನಿಂತ್ಕಳಿ. ಆ ಯಂತ್ರ ತತ್ತಾ ಇಲ್ಲಿ. ಎಲ್ಲಿ ಒತ್ತೋದು?”

ನಮ್ಮವರು ಜೇಬಿನಿಂದ ಕ್ಯಾಮೆರಾ ತೆಗೆದು ಕೊಟ್ಟು, ತೋರಿಸಿ, ವಾಪಸು ಬಂದು ನಿಂತರು. ಚರಂಡಿಯ ಮೇಲೆ ಹಾಸಿದ ಚಪ್ಪಡಿಯ ಮೇಲೆ, ಇಬ್ಬರ ಮುಂಗೈಗಳ ಮೇಲೂ ಸ್ವೆಟರು ಹರಡಿಕೊಂಡು. ಜನ್ಮದಲ್ಲಿ ಕ್ಯಾಮೆರಾ ಮುಟ್ಟದಿದ್ದ ಗೌರಮ್ಮನವರು ಅದನ್ನು ಮಂಗಳಾರತಿಯ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒತ್ತಿದರು. ಆಮೇಲೆ ಎಂದಿನಂತೆ ಕಾಲು ಚಾಚಿ ಕುಳಿತು, “ಊಂ, ಮೊದ್ಲಿಂದ ಯೋಳು,” ಎಂದರು. ಈ ಸಲ ಇಬ್ಬರೂ ಹೇಳಿದೆವು. ಸೀಟಿನ ವಿಷಯ ಬಂದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ನಮ್ಮೋರೂ ಅಂಗೇ ಕಣವ್ವ, ಟವಲ್ ಆಕೋರು,” ಎಂದರು.

ಆ ಫೋಟೊ ಈಗ ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿದೆ. ಅದರಲ್ಲಿ ಬೆಟ್ಟವಿಲ್ಲ, ಮಂಜಿಲ್ಲ; ನಿಜ ಹೇಳಬೇಕೆಂದರೆ ನಮ್ಮ ತಲೆಗಳೂ ಇಲ್ಲ. ಗೌರಮ್ಮನವರು ಇಬ್ಬರನ್ನೂ ಕತ್ತಿನವರೆಗೆ ಮಾತ್ರ ಹಿಡಿದಿದ್ದಾರೆ. ಕುಂಕುಮದ ಬಣ್ಣದ ಸ್ವೆಟರು, ಯಾರೂ ತೊಡದೆ, ಇಬ್ಬರಿಗೂ ಸಮನಾಗಿ ಸೇರಿದಂತೆ ನಡುವೆ ಹರಡಿಕೊಂಡಿದೆ. ನರಸೀಪುರದಿಂದ ಬಂದ ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. “ಇದ್ಯಾರಮ್ಮ, ತಲೇನೇ ಇಲ್ಲ?”

“ತಲೆ ಬಿಡೇ, ಕಾಲು ನೋಡು,” ಎಂದೆ.

ಅವಳು ಬಗ್ಗಿ ನೋಡಿದಳು. ಒಂದೇ ಚಪ್ಪಡಿಯ ಅಂಚಿಗೆ ಸರಿಯಾಗಿ ನಾಲ್ಕು ಪಾದಗಳು, ಹಿಂದು ಮುಂದಿಲ್ಲದೆ, ಒಂದೇ ಸಾಲಿನಲ್ಲಿ.

“ಓ! ಹಾಗಾದ್ರೆ ಈ ಸಲ ಇಬ್ರೂ ಒಟ್ಟಿಗೇ ಹೋಗಿದ್ರಾ?”

“ಹೋಗುವಾಗ ಇಲ್ಲ ಕಣೇ,” ಎಂದೆ. “ಬರುವಾಗ ಒಟ್ಟಿಗೆ ಬಂದ್ವಿ.”